ಆಗಮನ ಕಾಲ: ಹೆಸರು ಹಿಡಿದು ಕರೆಯಲು ಬರುವವನಿಗಾಗಿ

ಡಿಸೆಂಬರ್ ಹತ್ತಿರ ಬಂದರೆ ಕಲಬುರಗಿಯ ನಮ್ಮ ಅಡುಗೆಮನೆಯ ಗೋಡೆಗೆ ಎರಡು ಪಟ್ಟಿ ಅಂಟಿಸುತ್ತೇನೆ. ಒಂದು ಮನೆಯದು. ಸುಣ್ಣ, ಮಕ್ಕಳ ಬಟ್ಟೆ, ಕರ್ಚಿಕಾಯಿಗೆ ಕೊಬ್ಬರಿ, ಚಕ್ಕುಲಿ ಹಿಟ್ಟು, ಬಾಗಿಲಿಗೆ ನಕ್ಷತ್ರ. ಇನ್ನೊಂದು ಚರ್ಚಿನದು. ಸಂಡೇ ಸ್ಕೂಲ್ ಮಕ್ಕಳ ನಾಟಕ, ಕುರುಬರ ಕಂಬಳಿ, ಜ್ಞಾನಿಗಳ ಕಿರೀಟ, ಯಾವ ರಾತ್ರಿ ಯಾವ ಓಣಿಗೆ ಕ್ಯಾರಲ್ಸ್, ಯಾರ ಮನೆಯಲ್ಲಿ ಸುಸಲಾ, ಯಾರ ಮನೆಯಲ್ಲಿ ಚಹಾ.

ಎರಡು ವರ್ಷದ ಹಿಂದೆ ಹೀಗೇ ಓಡಾಡುತ್ತಿದ್ದಾಗ ಬೀದರ್‌ನ ಮಂಗಲಪೇಟೆಯಿಂದ ನಮ್ಮ ದೊಡ್ಡವ್ವ ಫೋನ್ ಮಾಡಿದರು. ತಯಾರಿ ಎಲ್ಲಿಗೆ ಬಂತು ಎಂದು ಕೇಳಿದರು. ನಾನು ಎರಡೂ ಪಟ್ಟಿ ಓದಿದೆ. ಪೂರ್ತಿ ಕೇಳಿಸಿಕೊಂಡರು.

‘ಅದೆಲ್ಲಾ ಖರೇ. ಯಾರ್ ಬರ್ಲಾಕತ್ತಾರ ನಿಮ್ಮನಿಗಿ?’

‘ಈ ಸಲ ಯಾರೂ ಇಲ್ಲ ದೊಡ್ಡವ್ವ. ನಾವೇ.’

‘ಯಾರೂ ಇಲ್ಲಾ?’

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಚಳಿ, ಮೊಮ್ಮಗನ ಕೆಮ್ಮು, ಹೀಗೆ ಬೇರೆ ಮಾತು ಆಯಿತು. ಫೋನ್ ಇಟ್ಟು ಹಿಟ್ಟು ನಾದುವಾಗ ನನಗೆ ತಿಳಿಯಿತು, ಅವರು ಕೇಳಿದ್ದು ನೆಂಟರ ಬಗ್ಗೆ ಅಲ್ಲ. ನಾಲ್ಕು ವಾರದಿಂದ ತಯಾರಿ ಮಾಡುತ್ತಿದ್ದೇನೆ, ಯಾರು ಬರುತ್ತಾರೆ ಎಂದರೆ ಯಾರೂ ಇಲ್ಲ ಎಂದುಬಿಟ್ಟೆ. ಆ ದಿನದಿಂದ ಈ ಕಾಲ ಎಂದರೇನು ಎಂದು ಓದಿದ್ದನ್ನು, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಓಡಾಡುವವರು ಬಹಳ ಜನ ಇದ್ದಾರೆ, ಅಲ್ವಾ?

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಈ ಅವಧಿಗೆ ‘ಅಡ್ವೆಂಟ್’ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಆಗಮನ ಕಾಲ. ‘ಅಡ್ವೆಂಟುಸ್’ ಎಂಬ ಲ್ಯಾಟಿನ್ ಮಾತಿಗೆ ‘ಬರುವುದು’ ಎಂದೇ ಅರ್ಥ. ನವೆಂಬರ್ 30ಕ್ಕೆ ಯಾವ ಭಾನುವಾರ ಹತ್ತಿರವೋ ಆ ಭಾನುವಾರ ಇದು ಶುರುವಾಗುತ್ತದೆ. ಹಾಗಾಗಿ ನವೆಂಬರ್ 27ಕ್ಕಿಂತ ಮುಂಚೆ ಬರುವುದಿಲ್ಲ, ಡಿಸೆಂಬರ್ 3ಕ್ಕಿಂತ ತಡವೂ ಆಗುವುದಿಲ್ಲ. ಕ್ಯಾಥೊಲಿಕ್ ಚರ್ಚುಗಳಲ್ಲಿ ಆಗ ಗುರುಗಳು ನೇರಳೆ ಬಣ್ಣದ ಉಡುಪು ಹಾಕುತ್ತಾರೆ. ಮೂರನೆಯ ಭಾನುವಾರ ಮಾತ್ರ ಗುಲಾಬಿ, ಅದು ಸಂತೋಷದ ಭಾನುವಾರ. ಕೆಲವು ಕಡೆ ಹಸಿರು ಎಲೆಯ ಚಕ್ರದ ಮೇಲೆ ವಾರಕ್ಕೊಂದು ಮೇಣದಬತ್ತಿ ಹಚ್ಚುತ್ತಾರೆ.

ಆ ಚಕ್ರದ ಕಥೆ ನನಗೆ ಬಹಳ ಇಷ್ಟ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಕರ್ನ್ ಎಂಬ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳು ದಿನಾ ಕೇಳುತ್ತಿದ್ದರಂತೆ. ಅವರು ಒಂದು ಹಳೆಯ ಬಂಡಿ ಗಾಲಿ ತಂದು ಅದರ ಮೇಲೆ ಮೇಣದಬತ್ತಿ ನಿಲ್ಲಿಸಿದರು. ಭಾನುವಾರಕ್ಕೆ ದೊಡ್ಡ ಬಿಳಿಯದು, ಉಳಿದ ದಿನಕ್ಕೆ ಸಣ್ಣ ಕೆಂಪು. ದಿನಕ್ಕೊಂದು ಹಚ್ಚುತ್ತಾ ಹೋದರು. ಆ ಮಕ್ಕಳಿಗೆ ಕಾಯುವುದೆಂದರೆ ಬೆಳಕು ಹೆಚ್ಚುವುದು. ನಮಗೆ ದಿನ ಕಡಿಮೆಯಾದಷ್ಟೂ ಗಾಬರಿ ಜಾಸ್ತಿ.

ಈ ಕಾಲ ಎಲ್ಲಿ ಬೆಳೆಯಿತು ಎಂದು ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಐದನೆಯ ಶತಮಾನದಲ್ಲಿ, ಈಗಿನ ಫ್ರಾನ್ಸಿನ ತೂರ್ ಊರಿನ ಬಿಷಪ್ ಪೆರ್ಪೆತುವಸ್ ಒಂದು ನಿಯಮ ಮಾಡಿದರು. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ. ಆ ನಾಡಿನಲ್ಲಿ ಅಷ್ಟು ಹೊತ್ತಿಗೆ ಸುಗ್ಗಿ ಮುಗಿದಿರುತ್ತದೆ, ಹೊಲ ಖಾಲಿ, ರಾತ್ರಿ ಉದ್ದ. ಸುಮ್ಮನೆ ಕೂತು ಕಾಯಲು ಹೇಳಿ ಮಾಡಿಸಿದ ಹೊತ್ತು. ನಮ್ಮ ಕಡೆ? ಡಿಸೆಂಬರ್ ಎಂದರೆ ತೊಗರಿ ಕೊಯ್ಲು, ತೊಗರಿ ರಾಶಿ. ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಲ್ಲಿ ನಮ್ಮ ಸಭೆಯ ಎಷ್ಟೋ ತಾಯಂದಿರು ಕತ್ತಲಲ್ಲೇ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಕೂಲಿಗೆ ಹೋಗುತ್ತಾರೆ. ಸಂಜೆ ತಲೆತುಂಬ ಹೊಟ್ಟು ಹೊತ್ತು ಬರುತ್ತಾರೆ. ಅವರಿಗೆ ‘ಈ ಕಾಲದಲ್ಲಿ ಶಾಂತವಾಗಿ ಕೂತು ಧ್ಯಾನಿಸಿ’ ಎಂದು ಬೋಧಿಸಿದರೆ ಅದು ಇನ್ನೊಂದು ಭಾರ. ಆದ್ದರಿಂದ ‘ಕೆಲಸ ಬಿಡಿ’ ಎಂಬುದು ಉತ್ತರ ಅಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮೊದಲ ಕ್ರಿಸ್ಮಸ್‌ನ ಸುದ್ದಿ ಬಂದದ್ದೂ ಕೆಲಸದಲ್ಲಿ ಇದ್ದವರಿಗೇ. ಸ್ನಾನಿಕ ಯೋಹಾನನ ತಂದೆ, ಯಾಜಕ ಜಕರೀಯ ದೇವಾಲಯದಲ್ಲಿ ತನ್ನ ಪಾಳಿಯ ಧೂಪ ಹಾಕುತ್ತಿದ್ದ. ಕುರುಬರು ರಾತ್ರಿ ಕುರಿ ಕಾಯುತ್ತಿದ್ದರು.

ಹಾಗಾದರೆ ತೊಂದರೆ ಎಲ್ಲಿದೆ? ನನಗೆ ತೋಚುವುದು ಇದು: ಬರುವವನು ಯಾವ ರೀತಿ ಬರುತ್ತಾನೆ ಎಂಬುದನ್ನು ನಾವು ತಪ್ಪು ತಿಳಿದಿದ್ದೇವೆ.

ಬರುವುದರಲ್ಲಿ ಎರಡು ಬಗೆ ಇದೆ. ದೊಡ್ಡ ಸಾಹೇಬರು ಊರಿಗೆ ಬರುತ್ತಾರೆ ಎಂದರೆ ರಸ್ತೆಯ ಗುಂಡಿ ಮುಚ್ಚುತ್ತಾರೆ, ಶಾಲೆಗೆ ಬಣ್ಣ ಬಳಿಯುತ್ತಾರೆ, ಕಡತ ಸರಿ ಮಾಡುತ್ತಾರೆ. ಎಲ್ಲರಿಗೂ ಒಂದೇ ಹೆದರಿಕೆ: ಏನಾದರೂ ಕೊರತೆ ಕಂಡರೆ? ರೋಮಿನ ಕಾಲದಲ್ಲಿ ‘ಅಡ್ವೆಂಟುಸ್’ ಎಂಬ ಮಾತನ್ನು ಚಕ್ರವರ್ತಿ ಪಟ್ಟಣಕ್ಕೆ ಬರುವ ಸಮಾರಂಭಕ್ಕೂ ಬಳಸುತ್ತಿದ್ದರು. ಪಟ್ಟಣ ಶೃಂಗಾರವಾಗುತ್ತಿತ್ತು, ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಅವನಿಗೆ ಆ ಸಾಲಿನಲ್ಲಿ ಯಾರ ಹೆಸರೂ ಗೊತ್ತಿರಬೇಕಾಗಿರಲಿಲ್ಲ.

ಇನ್ನೊಂದು ಬರುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಶ್ರಾವಣದಲ್ಲಿ ಪಂಚಮಿಗೆ ತವರಿನಿಂದ ಅಣ್ಣ ಕರೆಯಲು ಬರುವುದು. ತಂಗಿ ಮನೆ ಸಾರಿಸಿರುತ್ತಾಳೆ, ಹೌದು. ಅಡುಗೆಯೂ ಮಾಡಿರುತ್ತಾಳೆ. ಆದರೆ ಅಣ್ಣ ಬರುವುದು ಗೋಡೆ ನೋಡಲು ಅಲ್ಲ. ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗುತ್ತಾನೆ, ಮನೆಮಂದಿ ಮಾತ್ರ ಕೂಗುವ ಆ ಸಣ್ಣ ಹೆಸರು. ಅವನು ಬಂದದ್ದು ಅವಳಿಗಾಗಿ. ಅವಳು ಆ ದಿನ ಜ್ವರದಿಂದ ಮಲಗಿದ್ದರೂ, ಒಲೆ ಹಚ್ಚದಿದ್ದರೂ, ಬಂದ ಕಾರಣ ಬದಲಾಗುವುದಿಲ್ಲ.

ಕ್ರೈಸ್ತ ನಂಬಿಕೆಯಲ್ಲಿ ದೇವರ ಬರುವಿಕೆ ಈ ಎರಡನೆಯ ಬಗೆಯದು. ನಾವು ಮಾತ್ರ ಸಾಹೇಬರು ಬರುವ ತಯಾರಿ ಮಾಡುತ್ತೇವೆ.

ಇಲ್ಲೇ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ದೇವರು ಲೋಕವನ್ನು ಪ್ರೀತಿಸುತ್ತಾನೆ ಎಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೇವೆ. ಲೋಕ ಎಂದರೆ ಕೋಟಿಗಟ್ಟಲೆ ಜನ. ಅದರಲ್ಲಿ ನಾನು ಎಂಬ ಒಬ್ಬಳು ಲೆಕ್ಕಕ್ಕೆ ಬರುತ್ತೇನಾ? ಆಗಮನ ಕಾಲದಲ್ಲಿ ಹೆಚ್ಚು ಓದುವುದು ಬೈಬಲ್ಲಿನ ಹಳೆಯ ಒಡಂಬಡಿಕೆಯ ಪ್ರವಾದಿ ಯೆಶಾಯನ ಪುಸ್ತಕ. ಅದರ 43ನೆಯ ಅಧ್ಯಾಯದಲ್ಲಿ ದೇವರು ‘ನಿನ್ನ ಹೆಸರು ಹಿಡಿದು ಕರೆದಿದ್ದೇನೆ, ನೀನು ನನ್ನವನು’ ಎನ್ನುತ್ತಾನೆ. ನಾವು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಆದರೆ ಆ ಮಾತು ಹೇಳಿದ್ದು ಒಬ್ಬ ವ್ಯಕ್ತಿಗಲ್ಲ, ಇಸ್ರೇಲ್ ಎಂಬ ಇಡೀ ಜನಾಂಗಕ್ಕೆ. 49ನೆಯ ಅಧ್ಯಾಯದಲ್ಲಿ ‘ದೇವರು ನನ್ನನ್ನು ಮರೆತಿದ್ದಾನೆ’ ಎಂದು ಅಳುವವಳು ಚೀಯೋನ್, ಅಂದರೆ ಒಂದು ಊರು. ಬಾಬೆಲಿಗೆ ಸೆರೆ ಹೋದ ಜನರ ಅಳು ಅದು. ಇದನ್ನು ಮುಚ್ಚಿಟ್ಟು ‘ಇದು ನಿನಗೇ ಬರೆದ ಪತ್ರ’ ಎಂದು ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಅಲ್ಲಿ ಒಂದು ಗಮನಿಸುವ ಸಂಗತಿ ಇದೆ. ಜನಾಂಗಕ್ಕೆ ಮಾತಾಡುವಾಗಲೂ ದೇವರು ‘ನೀವು’ ಎನ್ನುವುದಿಲ್ಲ, ‘ನೀನು’ ಎನ್ನುತ್ತಾನೆ. ತಾಯಿ ಮೊಲೆಕೂಸನ್ನು ಮರೆತರೂ ನಾನು ನಿನ್ನನ್ನು ಮರೆಯೆ ಎನ್ನುತ್ತಾನೆ. ತಾಯಿ ಮತ್ತು ಕೂಸು ಎಂದರೆ ಗುಂಪಿನ ಪ್ರೀತಿ ಅಲ್ಲವಲ್ಲ. ಮುಂದಿನ ಸಾಲಿನಲ್ಲೇ, ನನ್ನ ಅಂಗೈಗಳಲ್ಲಿ ನಿನ್ನನ್ನು ಕೊರೆದುಕೊಂಡಿದ್ದೇನೆ ಎನ್ನುತ್ತಾನೆ. ಅಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ಬರೆಯುವುದಕ್ಕಿಂತ ಕೆತ್ತುವುದು, ಕೊರೆಯುವುದು ಎಂಬ ಅರ್ಥ ಹತ್ತಿರ.

ಕೊರೆಯುವುದು ಎಂದರೆ ಏನೆಂದು ಬೀದರ್‌ನವರಿಗೆ ಹೇಳಿಕೊಡಬೇಕಾಗಿಲ್ಲ. ಬಿದ್ರಿ ಹೂಜಿ ಮಾಡುವವರನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿ, ಚಿತ್ರ ಗೀಚಿ, ಉಳಿಯಿಂದ ಗೆರೆಗೆರೆಯಾಗಿ ಕೊರೆಯುತ್ತಾರೆ. ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಹಾಕುತ್ತಾರೆ. ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಕಪ್ಪಾಗುವುದಿಲ್ಲ. ಮೇಲೆ ಬಳಿದ ಬಣ್ಣವಾದರೆ ಒರೆಸಿದಾಗ ಹೋಗುತ್ತದೆ. ಇದು ಒಳಗೆ ಕೂತದ್ದು. ಇನ್ನೊಂದು ಮಾತು: ಯಂತ್ರದಲ್ಲಿ ಅಚ್ಚೊತ್ತಿದ ಹಾಗೆ ಒಂದೇ ಏಟಿಗೆ ಇಡೀ ಹೂಜಿ ಕೊರೆಯಲು ಬರುವುದಿಲ್ಲ. ಪ್ರತಿ ಎಲೆ, ಪ್ರತಿ ಎಸಳು ಬೇರೆ ಬೇರೆಯಾಗಿ ಕೈಯಲ್ಲೇ ಆಗಬೇಕು. ಇಡೀ ಬಳ್ಳಿ ಬೇಕೆಂದರೆ ಒಂದೊಂದು ಎಲೆಯ ಮೇಲೂ ಕಣ್ಣಿಡಬೇಕು. ಜನಾಂಗವನ್ನು ಪ್ರೀತಿಸುವುದು ಮತ್ತು ಒಬ್ಬಳನ್ನು ಪ್ರೀತಿಸುವುದು ದೇವರಲ್ಲಿ ಬೇರೆ ಬೇರೆ ಅಲ್ಲ ಎಂಬುದು ನನಗೆ ಅರ್ಥವಾದದ್ದು ಈ ಕೆಲಸದಿಂದ. ಸುಮಾರು 1600 ವರ್ಷದ ಹಿಂದೆ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಕೂಡ ಇದೇ ಅರ್ಥದ ಮಾತು ಹೇಳಿದ್ದರು: ಒಬ್ಬೊಬ್ಬರನ್ನೂ ಅವರೊಬ್ಬರೇ ಇದ್ದ ಹಾಗೆ ದೇವರು ನೋಡಿಕೊಳ್ಳುತ್ತಾನೆ, ಎಲ್ಲರನ್ನೂ ಒಬ್ಬೊಬ್ಬರ ಹಾಗೆ ನೋಡಿಕೊಳ್ಳುತ್ತಾನೆ.

ಹೊಸ ಒಡಂಬಡಿಕೆಗೆ ಬಂದರೆ ಇದು ಇನ್ನೂ ಬಿಚ್ಚಿಕೊಳ್ಳುತ್ತದೆ. ನೂರರಲ್ಲಿ ಒಂದು ಕುರಿ ತಪ್ಪಿಸಿಕೊಂಡರೆ ಹುಡುಕಿಕೊಂಡು ಹೋಗುವ ಕುರುಬ. ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುವ ಕುರುಬ. ಅಪೊಸ್ತಲ ಪೌಲನಂತೂ ಗಲಾತ್ಯದ ಸಭೆಗಳಿಗೆ ಪತ್ರ ಬರೆಯುವಾಗ ‘ನಮ್ಮನ್ನು’ ಎನ್ನಬಹುದಾದ ಕಡೆ ‘ನನ್ನನ್ನು’ ಎಂದುಬಿಟ್ಟ: ದೇವರ ಮಗ ನನ್ನನ್ನು ಪ್ರೀತಿಸಿ ನನಗೋಸ್ಕರ ತನ್ನನ್ನು ಒಪ್ಪಿಸಿಕೊಟ್ಟ. ಯೇಸು ಹಾಗೆ ಒಪ್ಪಿಸಿಕೊಟ್ಟ ಮೇಲೂ ಪೌಲ ಸಭೆಗಳನ್ನು ಕಿರುಕುಳಪಡಿಸುತ್ತಲೇ ಇದ್ದ, ನಂಬಿದ್ದು ತಡವಾಗಿ. ಅಂದರೆ ಪ್ರೀತಿ ಮೊದಲು ಬಂದಿತ್ತು.

ನಮ್ಮ ಜಿಲ್ಲೆಗಳಲ್ಲಿ ಮೆಥಡಿಸ್ಟ್ ಸಭೆಯವರು ಬಹಳ ಜನ. ಬೀದರ್‌ನಲ್ಲಿ, ಯಾದಗಿರಿಯಲ್ಲಿ ಮಿಷನ್ ಆಸ್ಪತ್ರೆ, ಶಾಲೆ ಕಟ್ಟಿದ್ದೂ ಅವರೇ. ಆ ಹೆಸರು ಹೇಗೆ ಬಂತು ಎಂಬುದು ಇಲ್ಲಿ ಬಹಳ ಮುಖ್ಯ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಎಲ್ಲವನ್ನೂ ಕ್ರಮ ಹಾಕಿಕೊಂಡು ಮಾಡುತ್ತಿದ್ದರು. ಇಷ್ಟು ಗಂಟೆಗೆ ಪ್ರಾರ್ಥನೆ, ವಾರಕ್ಕೆ ಎರಡು ದಿನ ಉಪವಾಸ, ಜೈಲಿನವರ ಭೇಟಿ, ಬಡವರ ಭೇಟಿ. ಉಳಿದ ಹುಡುಗರು ‘ಇವರು ಮೆಥಡಿಸ್ಟರು’ ಎಂದು ಅಣಕಿಸಿದರು. ಪಟ್ಟಿ ಹಾಕಿಕೊಂಡು ಬದುಕುವವರು ಎಂದ ಹಾಗೆ. ವೆಸ್ಲಿ 1728ರಲ್ಲಿ ಪಾದ್ರಿ ಆದರು. ಆಮೇಲೆ ಅಟ್ಲಾಂಟಿಕ್ ದಾಟಿ ಅಮೆರಿಕದ ಜಾರ್ಜಿಯಾಕ್ಕೆ ಸೇವೆಗೆ ಹೋದರು, ಸೋತು 1738ರಲ್ಲಿ ವಾಪಸ್ ಬಂದರು. ಅಷ್ಟು ವರ್ಷ ದೇವರಿಗಾಗಿ ದುಡಿದಿದ್ದರು, ಒಂದು ದಿನವೂ ಖಾಲಿ ಕೂತಿರಲಿಲ್ಲ. ಆದರೂ ಒಳಗೆ ನೆಮ್ಮದಿ ಇರಲಿಲ್ಲ.

ಅದೇ ವರ್ಷ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟಕ್ಕೆ ಒಲ್ಲದ ಮನಸ್ಸಿನಿಂದ ಹೋದರು. ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಸುಮಾರು ಎಂಟೂ ಮುಕ್ಕಾಲಕ್ಕೆ ತಮ್ಮ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಎಂದು ವೆಸ್ಲಿ ಬರೆದಿಟ್ಟಿದ್ದಾರೆ. ಎಲ್ಲರೂ ಈ ‘ಬೆಚ್ಚಗಾಯಿತು’ ಎಂಬುದನ್ನೇ ನೆನಪಿಡುತ್ತಾರೆ. ನನಗೆ ಮುಖ್ಯ ಎನಿಸುವುದು ಅದರ ಮುಂದಿನ ಮಾತು. ಕ್ರಿಸ್ತನು ನನ್ನ ಪಾಪಗಳನ್ನು, ನನ್ನವನ್ನೂ, ತೆಗೆದುಹಾಕಿದ ಎಂಬ ಭರವಸೆ ಸಿಕ್ಕಿತು ಎನ್ನುತ್ತಾರೆ. ಆ ‘ನನ್ನ’ ಎಂಬುದನ್ನು ಎರಡು ಸಲ ಹೇಳಿದ್ದಾರೆ, ಒತ್ತಿ ಬರೆದಿದ್ದಾರೆ. ಲೋಕದ ಪಾಪದ ಬಗ್ಗೆ ಹತ್ತು ವರ್ಷ ಬೋಧಿಸಿದವರಿಗೆ ‘ನನ್ನ’ ಎಂಬ ಮಾತು ಬಾಯಿಗೆ ಬಂದದ್ದು ಆ ರಾತ್ರಿ. ಅದರ ನಂತರ ಅವರು ಕೆಲಸ ಕಡಿಮೆ ಮಾಡಲಿಲ್ಲ. ಇನ್ನೂ ಜಾಸ್ತಿ ಮಾಡಿದರು, ಮುಪ್ಪಿನ ತನಕ ಕುದುರೆ ಹತ್ತಿ ಊರೂರು ತಿರುಗಿದರು. ಆದರೆ ಪ್ರೀತಿ ಸಂಪಾದಿಸಲು ದುಡಿಯುವುದೇ ಬೇರೆ, ಪ್ರೀತಿ ಸಿಕ್ಕವಳು ದುಡಿಯುವುದೇ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಪಟ್ಟಿ.

ಮಾರ್ಥಳ ಕಥೆಯನ್ನೂ ಹೀಗೆ ಓದಿದರೆ ನನಗೆ ನೋವಾಗುವುದಿಲ್ಲ. ಲೂಕ 10ನೆಯ ಅಧ್ಯಾಯ. ಯೇಸು ಮನೆಗೆ ಬಂದಿದ್ದಾನೆ, ತಂಗಿ ಮರಿಯ ಪಾದದ ಬಳಿ ಕೂತಿದ್ದಾಳೆ, ಮಾರ್ಥ ಅಡುಗೆಮನೆಯಲ್ಲಿ ಒಬ್ಬಳೇ. ಹಬ್ಬದ ಬೋಧನೆಯಲ್ಲಿ ಈ ಕಥೆ ಬಂದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಊಟ ಯಾರು ಮಾಡಬೇಕಿತ್ತು ಹಾಗಾದರೆ? ಆದರೆ ಲೂಕ ಬಳಸಿದ ಗ್ರೀಕ್ ಮಾತಿಗೆ ಸುತ್ತಲಿಂದ ಎಳೆದಾಡಿಸಿಕೊಳ್ಳುವುದು ಎಂಬ ಅರ್ಥ ಇದೆ. ಅಡುಗೆ ಮಾಡಿದ್ದು ತಪ್ಪು ಎಂದು ಯೇಸು ಹೇಳಲಿಲ್ಲ. ನೀನು ಬಹಳ ವಿಷಯಗಳಿಗೆ ಚಿಂತೆ ಹಚ್ಚಿಕೊಂಡಿದ್ದೀ ಎಂದ. ಅದಕ್ಕೂ ಮುಂಚೆ ಅವಳ ಹೆಸರನ್ನು ಎರಡು ಸಲ ಕರೆದ: ಮಾರ್ಥಾ, ಮಾರ್ಥಾ. ಬೈಬಲ್ಲಿನಲ್ಲಿ ಹೀಗೆ ಎರಡು ಸಲ ಕರೆಸಿಕೊಂಡವರು ಕೆಲವರೇ. ಅಬ್ರಹಾಮ, ಮೋಶೆ, ಬಾಲಕ ಸಮುವೇಲ, ಮುಂದೆ ಪೌಲ ಎನಿಸಿದ ಸೌಲ. ಅಂಥವರ ಸಾಲಿನಲ್ಲಿ ಒಲೆಯ ಮುಂದಿನ ಈ ಹೆಣ್ಣುಮಗಳೂ ಇದ್ದಾಳೆ. ನಾವು ಬೈಗುಳ ಎಂದುಕೊಂಡದ್ದು ಕರೆ.

ನಮ್ಮ ಯುವಕರ ಕೂಟದಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಕೇಳಿದ, ‘ನಾನು, ನನ್ನ ದೇವರು ಎಂದು ಕೂತರೆ ಸ್ವಾರ್ಥ ಅಲ್ವಾ ಅಕ್ಕಾ?’ ಒಳ್ಳೆಯ ಪ್ರಶ್ನೆ. ನನ್ನನ್ನು ಮಾತ್ರ ಪ್ರೀತಿಸುತ್ತಾನೆ ಎಂದುಕೊಂಡರೆ ಸ್ವಾರ್ಥ. ನನ್ನನ್ನೂ ಪ್ರೀತಿಸುತ್ತಾನೆ ಎಂದರೆ, ಪಕ್ಕದವಳನ್ನೂ ಅಷ್ಟೇ ಗುರುತಿಟ್ಟು ಪ್ರೀತಿಸುತ್ತಾನೆ ಎಂದು ಒಪ್ಪಲೇಬೇಕಾಗುತ್ತದೆ. ಇನ್ನೊಬ್ಬಳು ಹುಡುಗಿ, ನನಗೆ ಏನೂ ಅನಿಸುವುದೇ ಇಲ್ಲ ಎಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಅನಿಸದಿದ್ದರೂ ಪರವಾಗಿಲ್ಲ. ಅಣ್ಣ ಬಸ್ಸು ಹತ್ತಿ ಹೊರಟಿದ್ದಾನೆ ಎಂಬುದು ತಂಗಿಗೆ ಆ ಹೊತ್ತಿನಲ್ಲಿ ಏನನಿಸುತ್ತಿದೆ ಎಂಬುದರ ಮೇಲೆ ನಿಂತಿಲ್ಲ.

ಮನೆಯಲ್ಲಿ ನಾನು ಮಾಡಿಕೊಂಡ ಬದಲಾವಣೆ ಸಣ್ಣದು. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು, ಚಹಾ ಕುದಿಯುವಷ್ಟು ಹೊತ್ತು, ಯೆಶಾಯನ ಒಂದು ಸಾಲು ಓದುತ್ತೇನೆ. ಇಡೀ ಜನಾಂಗಕ್ಕೆ ಹೇಳಿದ ಮಾತು ಎಂದು ಗೊತ್ತಿದ್ದೇ ಓದುತ್ತೇನೆ, ನಾನೂ ಆ ಬಳ್ಳಿಯ ಒಂದು ಎಲೆ ಎಂದು ಓದುತ್ತೇನೆ. ಗೋಡೆಯ ಪಟ್ಟಿಯ ಮೇಲ್ಗಡೆ ದೊಡ್ಡವ್ವನ ಪ್ರಶ್ನೆ ಬರೆದಿದ್ದೇನೆ. ಅಷ್ಟೇ. ಹೊಲಕ್ಕೆ ಹೋಗುವವರಿಗೆ ಅದೂ ಆಗದಿದ್ದರೆ ದಾರಿ ನಡೆಯುವಾಗ ಒಂದು ಮಾತು ಸಾಕು. ನೀ ನನ್ನ ಹೆಸರು ಬಲ್ಲಿ.

ದೊಡ್ಡ ಬದಲಾವಣೆ ಆದದ್ದು ಕ್ಯಾರಲ್ಸ್‌ನಲ್ಲಿ. ಮೊದಲು ನಮ್ಮ ತಂಡ ಒಂದೇ ರಾತ್ರಿಗೆ ಇಪ್ಪತ್ತೈದು ಮನೆ ಮುಗಿಸುತ್ತಿತ್ತು. ಎರಡು ಹಾಡು, ಒಂದು ಪ್ರಾರ್ಥನೆ, ‘ಈ ಮನೆಯವರನ್ನು ಆಶೀರ್ವದಿಸು ಕರ್ತನೇ’, ಮುಂದಿನ ಮನೆ. ಹೋದ ವರ್ಷ ಮನೆ ಕಡಿಮೆ ಮಾಡಿದೆವು. ಪ್ರತಿ ಮನೆಯಲ್ಲಿ ಕೂತು ಎಲ್ಲರ ಹೆಸರು ಕೇಳಿ, ಹೆಸರು ಹಿಡಿದು ಪ್ರಾರ್ಥನೆ ಮಾಡುವುದು ಎಂದು ತೀರ್ಮಾನಿಸಿದೆವು.

ಒಂದು ಮನೆಯಲ್ಲಿ ಮೂಲೆಯ ಹೊರಸಿನ ಮೇಲೆ ಅಜ್ಜಿ ಒಬ್ಬರು ಕೌದಿ ಹೊದ್ದು ಕೂತಿದ್ದರು. ಮನೆಯವರೆಲ್ಲ ತಮ್ಮ ಹೆಸರು ಹೇಳಿದರು. ‘ಅಜ್ಜಿ ಹೆಸರು?’ ಎಂದು ಮೊಮ್ಮಗನನ್ನು ಕೇಳಿದರೆ ಅವನು ‘ಆಯಿ’ ಎಂದ. ಓಣಿಯವರು ಅವರನ್ನು ದೊಡ್ಡ ಮಗನ ಹೆಸರು ಸೇರಿಸಿ ‘ಅವನ ಅವ್ವ’ ಎಂದೇ ಕರೆಯುವುದಂತೆ. ನಾನು ಹತ್ತಿರ ಹೋಗಿ ಕೇಳಿದೆ. ಅವರು ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. ‘ನಂದಾ?’ ಎಂದರು. ಆಮೇಲೆ ಮೆಲ್ಲಗೆ ಹೇಳಿದರು. ಮೊಮ್ಮಗ ಆ ಹೆಸರನ್ನು ಬಾಯಲ್ಲಿ ಒಮ್ಮೆ ಹೇಳಿ ನೋಡಿದ.

ಆ ಹೆಸರು ಹಿಡಿದು ಪ್ರಾರ್ಥನೆ ಮಾಡಿದೆವು. ಚಹಾ ಬರುವ ಹೊತ್ತಿಗೆ ಹನ್ನೊಂದಾಗಿತ್ತು. ಇನ್ನೂ ನಾಲ್ಕು ಮನೆ ಉಳಿದಿದ್ದವು, ಮರುದಿನ ಹೋದೆವು.